ಅಮ್ವಾಸ್‌ನ ಪ್ಲೇಗ್ ಮತ್ತು ನಮ್ಮ ಮಕ್ತಬ್

ಭಾರತದಲ್ಲಿ ಕೊರೊನಾದಿಂದ ಮೊದಲ ಸಾವು ದಾಖಲಾದದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಮಾರ್ಚ್ 25ರಂದು ಇಡೀ ದೇಶ ಬಾಗಿಲು ಹಾಕಿಕೊಂಡಿತು. ಆ ವರ್ಷದ ರಮಝಾನ್‌ನಲ್ಲಿ ಮಸೀದಿಗಳಲ್ಲಿ ಎಂದಿನ ತರಾವೀಹ್ ಇರಲಿಲ್ಲ. ಆರಾಧನಾಲಯಗಳು ಮತ್ತೆ ತೆರೆದದ್ದು ಜೂನ್ 8ರಿಂದ. ಮಸೀದಿಗೆ ಬೀಗ ಹಾಕುವುದು ಈಮಾನಿನ ಕೊರತೆಯಲ್ಲವೇ ಎಂದು ಚಿಂಚೋಳಿಯ ಹಿರಿಯರು ನಮ್ಮನ್ನು ಕೇಳುತ್ತಿದ್ದರು.

ಈ ಪ್ರಶ್ನೆ ಹೊಸದಲ್ಲ. ಹಿಜರಿ 18ರ ಸುಮಾರಿಗೆ ಖಲೀಫಾ ಉಮರ್(ರ) ಶಾಮಿಗೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ಪ್ಲೇಗ್ ಹಬ್ಬಿದೆ ಎಂಬ ಸುದ್ದಿ ಬಂತು. ಅವರು ಮೊದಲು ಮುಹಾಜಿರರನ್ನು, ಆಮೇಲೆ ಅನ್ಸಾರರನ್ನು, ಕೊನೆಗೆ ಕುರೈಶರ ಹಿರಿಯರನ್ನು ಕರೆದು ಕೇಳಿದರು. ಹಿಂದಿರುಗುವ ತೀರ್ಮಾನವಾಯಿತು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಅಬೂ ಉಬೈದಾ(ರ) ಎಲ್ಲರೆದುರೇ ಪ್ರಶ್ನಿಸಿದರು. ಉಮರ್(ರ) ಸಿಟ್ಟಾಗಿ ಬಾಯಿ ಮುಚ್ಚಿಸಲಿಲ್ಲ. ಕಣಿವೆಯ ಒಂದು ಬದಿ ಹಸಿರು, ಇನ್ನೊಂದು ಬದಿ ಬರಡು ಇದ್ದರೆ ಒಂಟೆಯನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂದು ವಿವರಿಸಿದರು. ಕುರಿ ಕಾಯುವ ನಮ್ಮೂರಿನವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಅಷ್ಟರಲ್ಲಿ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಬಂದು, ರೋಗವಿರುವ ಊರಿಗೆ ಹೋಗಬೇಡಿ, ನೀವಿರುವ ಊರಿನಲ್ಲಿ ರೋಗ ಬಂದರೆ ಓಡಿಹೋಗಬೇಡಿ ಎಂಬ ಪ್ರವಾದಿ(ಸ)ಯವರ ಆದೇಶವನ್ನು ತಿಳಿಸಿದರು.

ಅಬೂ ಉಬೈದಾ(ರ) ತಮ್ಮ ಜನರ ಜೊತೆಗೇ ಉಳಿದು ತೀರಿಕೊಂಡರು. ಅವರ ನಂತರ ಮುಆದ್ ಬಿನ್ ಜಬಲ್(ರ) ಕೂಡ ಹೋದರು. ಪ್ರವಾದಿ(ಸ) ಯಮನ್‌ಗೆ ಕಲಿಸಲು ಕಳಿಸಿದ್ದ ಗುರು ಅವರು. ಆಮೇಲೆ ಅಮ್ರ್ ಬಿನ್ ಆಸ್(ರ) ಜನರನ್ನು ಬೆಟ್ಟಗಳ ಕಡೆಗೆ ಚದುರಿಸಿದರು.

ಇಂಥ ಗುರು ಹೋದ ಮೇಲೂ ಶಾಮಿನಲ್ಲಿ ಪಾಠ ನಿಲ್ಲಲಿಲ್ಲ. ದಮಾಸ್ಕಸ್ ಮಸೀದಿಯಲ್ಲಿ ಅಬೂ ದರ್ದಾ(ರ) ಕುರ್‌ಆನ್ ಕಲಿಸುತ್ತಿದ್ದರು. ವಿದ್ಯಾರ್ಥಿಗಳನ್ನು ಹತ್ತು ಹತ್ತು ಮಂದಿಯ ಗುಂಪು ಮಾಡಿ, ಪ್ರತಿ ಗುಂಪಿಗೆ ಬಲ್ಲವನೊಬ್ಬನನ್ನು ನೇಮಿಸುತ್ತಿದ್ದರು. ತಾವು ಎಲ್ಲರನ್ನೂ ನೋಡಿಕೊಳ್ಳುತ್ತಿದ್ದರು. 2020ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ವಿದ್ಯಾಗಮ ಎಂದು ಮರದ ನೆರಳಿನಲ್ಲಿ, ಗುಡಿ ಮಸೀದಿಗಳ ಅಂಗಳದಲ್ಲಿ ಸಣ್ಣ ಗುಂಪುಗಳಿಗೆ ಪಾಠ ಶುರು ಮಾಡಿದಾಗ ನಮಗೆ ನೆನಪಾದದ್ದು ಇದೇ. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಿದ್ದು 2021ರ ಅಕ್ಟೋಬರ್ 25ಕ್ಕೆ.

ನಮ್ಮ ಮಕ್ತಬಿನ ಪಾಠ ಮೊಬೈಲಿಗೆ ಹೋಯಿತು. ಸೂರಾಗಳು ಬಾಯಿಪಾಠವಾದವು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದಬ್ ಮೊಬೈಲಿನಿಂದ ಬರಲಿಲ್ಲ. ಹಿರಿಯರಿಗೆ ಸಫ್‌ನಲ್ಲಿ ಜಾಗ ಬಿಡುವುದು, ಚಪ್ಪಲಿ ಸಾಲಾಗಿ ಇಡುವುದು, ಒಬ್ಬರು ಓದುವಾಗ ಸುಮ್ಮನಿರುವುದು ಇವೆಲ್ಲ ಪಕ್ಕದಲ್ಲಿ ಕೂತೇ ಬರುವಂಥವು. ಅಬ್ಬಾ ಇಮಾಮರಾಗಿ ಮನೆಯಲ್ಲೇ ಜಮಾಅತ್ ಮಾಡಿದ ಮನೆಗಳ ಮಕ್ಕಳು ಇದನ್ನು ಮರೆಯದೆ ಬಂದರು. ಸ್ವತಃ ಫಾತಿಹಾ ಸರಿಯಾಗಿ ಬಾರದ ಕೆಲವು ತಂದೆಯರು ಆ ರಮಝಾನ್‌ನಲ್ಲಿ ಮಕ್ಕಳ ಹಿಂದೆ ನಿಂತು ನಮಾಝ್ ಮಾಡಿದರು, ಆಮೇಲೆ ನಮ್ಮ ಬಳಿ ಬಂದು ಕಲಿತರು. ಅದು ಸಣ್ಣ ಮಾತಲ್ಲ. ಇನ್ನು ಕೆಲವು ಹುಡುಗರು ತೊಗರಿ ಹೊಲಕ್ಕೆ ಹೋದರು, ಕೆಲವರು ತಂದೆಯ ಜೊತೆ ದುಡಿಯಲು ಹೈದರಾಬಾದಿಗೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರುಗಳನ್ನು ನಾವು ಇನ್ನೂ ಹೊಡೆದುಹಾಕಿಲ್ಲ.