ಕಲ್ಲಚ್ಚು, ಮೊಳೆ ಮತ್ತು ಮಹಾಗ್ರಂಥ

ಬೃಹತ್ ಗ್ರಂಥವೊಂದನ್ನು ಯಾವ ಸಾಧನದಿಂದ ಅಚ್ಚಿಗೆ ಅಣಿಗೊಳಿಸಬೇಕೆಂಬುದು ಮುದ್ರಕನೊಬ್ಬನ ಚಿಂತೆಯೆಂದು ತೋರಬಹುದು. ಆದರೆ ಪಡೆದುದನ್ನು ಮುಂದಿನ ತಲೆಮಾರಿಗೆ ಒಪ್ಪಿಸಬೇಕಾದ ಧರ್ಮಸಭೆಗೆ ಅದು ಪರಂಪರೆಯ ಪ್ರಶ್ನೆಯೂ ಹೌದು. ಕನ್ನಡದಲ್ಲಿ ಈ ಪ್ರಶ್ನೆಯನ್ನು ಕೂಲಂಕಷವಾಗಿ ಎದುರಿಸಿದವರಲ್ಲಿ ಬಾಸೆಲ್ ಮಿಷನ್ನಿನ ಪ್ರೊಟೆಸ್ಟೆಂಟ್ ಸಹೋದರರು ಪ್ರಮುಖರು.

1841ರಲ್ಲಿ ಅವರು ಮಂಗಳೂರಿನಲ್ಲಿ ಮುದ್ರಣಾಲಯವನ್ನು ತೆರೆದಾಗ ಆರಿಸಿಕೊಂಡದ್ದು ಕಲ್ಲಚ್ಚನ್ನು. ಒತ್ತಕ್ಷರ, ಗುಣಿತಾಕ್ಷರಗಳಿಂದ ತುಂಬಿದ ಲಿಪಿಗೆ ನೂರಾರು ಮೊಳೆಗಳನ್ನು ಎರಕ ಹೊಯ್ಯುವ ವೆಚ್ಚ ಅದರಲ್ಲಿರಲಿಲ್ಲ. ಅಂದವಾಗಿ ಬರೆಯಬಲ್ಲ ಲಿಪಿಕಾರನಿದ್ದರೆ ಸಾಕಿತ್ತು. 1843ರ 'ಮಂಗಳೂರ ಸಮಾಚಾರ' ಹೀಗೆಯೇ ಹೊರಬಂದಿತು. ಮೋಗ್ಲಿಂಗರು 'ಬಿಬ್ಲಿಯೋಥೆಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣಗಳನ್ನು ಬೆಳಕಿಗೆ ತಂದದ್ದೂ ಕಲ್ಲಚ್ಚಿನಿಂದಲೇ. ಆದರೆ ಕಲ್ಲಿಗೊಂದು ಮಿತಿಯಿತ್ತು. ಪುಟದ ನಡುವೆ ಒಂದು ಸಾಲು ಸೇರಿಸಬೇಕಾದರೆ ಮುಂದಿನದೆಲ್ಲವನ್ನೂ ಮತ್ತೆ ಬರೆಯಬೇಕಿತ್ತು. ಕಲ್ಲನ್ನು ಉಜ್ಜಿ ಬೇರೆ ಪುಟಕ್ಕೆ ಬಳಸಿದ ಮೇಲೆ ಮರುಮುದ್ರಣಕ್ಕೆ ಉಳಿಯುವುದೇನೂ ಇರಲಿಲ್ಲ.

ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟಿಗೆ ಈ ದಾರಿ ಸಾಲುತ್ತಿರಲಿಲ್ಲ. 1894ರಲ್ಲಿ ಮಂಗಳೂರಿನಿಂದಲೇ ಹೊರಬಂದ ಆ ಗ್ರಂಥದ ಪುಟಗಳು 1,700ಕ್ಕೂ ಹೆಚ್ಚು. ಶಬ್ದಗಳು ಸುಮಾರು 70,000. ಪ್ರತಿ ಕನ್ನಡ ಪದದ ಬಳಿಯಲ್ಲಿ ರೋಮನ್ ಲಿಪ್ಯಂತರ, ಇಂಗ್ಲಿಷ್ ಅರ್ಥ, ಸೋದರ ಭಾಷೆಗಳ ರೂಪಗಳು. ಜೊತೆಗೆ ಬಳಕೆ ತಪ್ಪಿದ ಱ, ೞ ಅಕ್ಷರಗಳು. ಇಷ್ಟನ್ನೂ ಒಂದೇ ಸಾಲಿನಲ್ಲಿ ಕೂಡಿಸಿ, ಕರಡು ತಿದ್ದಿ, ಮತ್ತೆ ಜೋಡಿಸಲು ಮೊಳೆಯೇ ಬೇಕಿತ್ತು. ಮೊದಲ ವೆಚ್ಚ ಹೆಚ್ಚಾದರೂ ತಿದ್ದುವ ಸ್ವಾತಂತ್ರ್ಯ ಅದರಲ್ಲಿತ್ತು.

ಕಿಟ್ಟೆಲರ ಕಾಲದಲ್ಲಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಧಾರವಾಡ ಜಿಲ್ಲೆಗೆ ಸೇರಿದ್ದವು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಇಂದು ಈ ಭಾಗದಲ್ಲಿ ಧರ್ಮಕೇಂದ್ರದ ಚರಿತ್ರೆಯನ್ನೋ ಪೂಜಾಗ್ರಂಥವನ್ನೋ ಸಿದ್ಧಪಡಿಸುವ ಗುರುವಿನ ಮುಂದೆಯೂ ಅದೇ ಆಯ್ಕೆಯಿದೆ. ಹಳೆಯ ಡಿಟಿಪಿ ಫಾಂಟುಗಳಲ್ಲಿ ಜೋಡಿಸಿದ ಪುಟ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಕನ್ನಡವಲ್ಲ. ಆ ಫಾಂಟು ಇಲ್ಲವಾದರೆ ಅದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಅದು ನಮ್ಮ ಕಾಲದ ಕಲ್ಲಚ್ಚು. 1991ರಿಂದ ಕನ್ನಡವನ್ನು ಒಳಗೊಂಡಿರುವ ಯೂನಿಕೋಡಿನಲ್ಲಿ ಱ, ೞಗಳಿಗೂ ಸ್ಥಾನವಿದೆ. ಹಿಂದಿನ ಸಂಪುಟದ ಹೊಸ ಆವೃತ್ತಿಯ ಕರಡು ಕಂಡು ಅತೃಪ್ತರಾದ ಡೊನಾಲ್ಡ್ ಕ್ನೂತ್ 1970ರ ದಶಕದ ಕೊನೆಯಲ್ಲಿ ರೂಪಿಸಿದ ಟೆಕ್ ತಂತ್ರಾಂಶ ಪಠ್ಯವನ್ನು ಸರಳ ಕಡತವಾಗಿಯೇ ಉಳಿಸುತ್ತದೆ. ಅದರ ವಂಶದ ಜೀಟೆಕ್ ಯೂನಿಕೋಡ್ ಕನ್ನಡವನ್ನು ನೇರವಾಗಿ ಜೋಡಿಸಬಲ್ಲದು. ಅಡಿಟಿಪ್ಪಣಿ, ಪದಸೂಚಿ, ಅಧ್ಯಾಯ ಸಂಖ್ಯೆಗಳು ಸಾವಿರ ಪುಟಗಳಲ್ಲೂ ತಾವೇ ಸರಿಹೊಂದುತ್ತವೆ. ಕಲಿಯಲು ತಾಳ್ಮೆ ಬೇಕು, ನಿಜ; ಹತ್ತು ಪುಟದ ಕಿರುಹೊತ್ತಗೆಗೆ ಅದರ ಅಗತ್ಯವೂ ಇಲ್ಲ.

ತನಗೆ ಒಪ್ಪಿಸಲಾದದ್ದನ್ನು ಕಾಪಾಡುವಂತೆ ಸಂತ ಪೌಲರು ತಿಮೊಥೇಯನನ್ನು ಎಚ್ಚರಿಸಿದರು. ಆ ಕಾಪಾಡುವಿಕೆಯಲ್ಲಿ, ಮುಂದೆ ಬರುವವನು ನಮ್ಮ ಪಠ್ಯವನ್ನು ತೆರೆದು ತಿದ್ದಬಲ್ಲನೇ ಎಂಬ ವಿಚಾರವೂ ಸೇರಿದೆ.