ಮಾರ್ನ್ ನದಿಯ ಮೇಲಣ ಮೆನ್ಯೇ ಕಾರ್ಖಾನೆ

ಪ್ಯಾರಿಸ್ ನಗರದ ಪೂರ್ವಕ್ಕೆ, ಮಾರ್ನ್ ನದಿಯ ದಂಡೆಯಲ್ಲಿ ನ್ವಾಸಿಯೆಲ್ ಎಂಬ ಊರಿದೆ. ಔಷಧ ತಯಾರಕನಾದ ಝಾಂ-ಆಂತ್ವಾನ್ ಬ್ರುತುಸ್ ಮೆನ್ಯೇ 1825ರಲ್ಲಿ ಅಲ್ಲಿಯ ನೀರಿನ ಗಿರಣಿಯನ್ನು ಪಡೆದುದು ಮದ್ದಿನ ಪುಡಿಗಳನ್ನು ಅರೆಯುವುದಕ್ಕಾಗಿ. ಅಂದು ಚಾಕೊಲೇಟು ಕಹಿಮದ್ದಿನ ಲೇಪ ಮಾತ್ರ. 1853ರಲ್ಲಿ ಉದ್ಯಮವನ್ನು ವಹಿಸಿಕೊಂಡ ಅವನ ಮಗ ಎಮಿಲ್-ಝ್ಯುಸ್ತಾಂ 1867ರಲ್ಲಿ ಔಷಧ ವಿಭಾಗವನ್ನೇ ಮಾರಿದನು, ಲೇಪವೇ ಸರಕಾಯಿತು.

1871-72ರಲ್ಲಿ ಝ್ಯೂಲ್ ಸೋಲ್ನ್ಯೇ ಎಂಬ ವಾಸ್ತುಶಿಲ್ಪಿ ಇಲ್ಲಿ ಕಟ್ಟಿದ ಹೊಸ ಗಿರಣಿಯ ರಚನೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಕಟ್ಟಡವು ದಡದ ಮೇಲಿಲ್ಲ, ಹೊಳೆಯ ನಡುವಣ ಕಲ್ಲಿನ ಕಂಬಗಳ ಮೇಲಿದೆ. ಕಂಬಗಳ ಸಂದುಗಳಲ್ಲಿ ಜಲಚಕ್ರಗಳು. ದಪ್ಪಗೋಡೆಗಳ ಭಾರವನ್ನು ಇಂಥ ತಳಹದಿಯ ಮೇಲೆ ಹೊರಿಸುವುದು ಕಷ್ಟ. ಆದುದರಿಂದ ಸೋಲ್ನ್ಯೇ ಕಬ್ಬಿಣದ ಚೌಕಟ್ಟನ್ನು ನಿಲ್ಲಿಸಿ, ಅದಕ್ಕೆ ಓರೆಪಟ್ಟಿಗಳನ್ನು ಬಿಗಿದು, ಅಂತಸ್ತುಗಳ ಭಾರವೆಲ್ಲ ಜಾಲಂದರದ ಸೇತುವೆಯಲ್ಲಿ ಹರಿಯುವಂತೆ ಕಂಬಗಳಿಗೆ ಇಳಿಯುವ ಹಾಗೆ ಮಾಡಿದನು. ಗೋಡೆಯ ಪೊಳ್ಳು ಇಟ್ಟಿಗೆಗಳು ಭಾರವನ್ನು ಹೊರುವುದಿಲ್ಲ. ಎಡೆಯನ್ನು ತುಂಬುತ್ತವೆ, ಅಷ್ಟೆ. ಓರೆಪಟ್ಟಿಗಳನ್ನು ಮರೆಮಾಡದೆ, ಅವುಗಳ ನಡುವೆ ಬಣ್ಣದ ಇಟ್ಟಿಗೆಗಳ ವಿನ್ಯಾಸವನ್ನೂ ಕೊಕೊ ಹೂವಿನ ಚಿತ್ರಗಳನ್ನೂ ಕೂಡಿಸಿದ್ದಾನೆ.

ಇದು ಜಗತ್ತಿನ ಮೊತ್ತಮೊದಲ ಕಬ್ಬಿಣದ ಚೌಕಟ್ಟಿನ ಕಟ್ಟಡವೆಂದು ಹೇಳುವುದುಂಟು. ಈ ಮಾತು ನಿಲ್ಲದು. ಇಂಗ್ಲೆಂಡಿನ ಶೀರ್‌ನೆಸ್ ಹಡಗುಕಟ್ಟೆಯಲ್ಲಿ ನಾಲ್ಕು ಅಂತಸ್ತಿನ ಕಬ್ಬಿಣದ ದೋಣಿಕೊಟ್ಟಿಗೆಯು 1860ರ ವೇಳೆಗೇ ಎದ್ದಿತ್ತು. ನ್ವಾಸಿಯೆಲ್ಲಿನ ಹಿರಿಮೆ ಕಾಲಕ್ರಮದಲ್ಲಿಲ್ಲ. ಚೌಕಟ್ಟನ್ನೇ ಅಲಂಕಾರವಾಗಿಸಿದ ಧೈರ್ಯದಲ್ಲಿದೆ.

1874ರಿಂದ ಮಾಲಿಕರು ಕಾರ್ಮಿಕರಿಗಾಗಿ ತೋಟಗಳಿಂದ ಕೂಡಿದ ಇಟ್ಟಿಗೆಯ ಮನೆಗಳನ್ನೂ ಶಾಲೆಯನ್ನೂ ಕಟ್ಟಿಸತೊಡಗಿದರು. ಇದನ್ನು ಬರಿಯ ಔದಾರ್ಯವೆಂದು ಬಣ್ಣಿಸುವುದು ಸರಿಯಲ್ಲ. ಕೆಲಸವನ್ನು ಕೊಡುವವನೂ ಮನೆಯನ್ನು ಕೊಡುವವನೂ ಒಬ್ಬನೇ. ಊರಿನ ಮೇಯರ್ ಪದವಿಯೂ 1871ರಿಂದ ಬಹುಕಾಲ ಅದೇ ಮನೆತನದಲ್ಲಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಉದ್ಯಮವು ಕ್ಷೀಣಿಸಿ, ಕೈಯಿಂದ ಕೈಗೆ ಸಾಗಿತು. 1988ರಲ್ಲಿ ರೌನ್‌ಟ್ರೀ ಸಂಸ್ಥೆಯನ್ನು ಕೊಂಡ ನೆಸ್ಲೆಗೆ ನ್ವಾಸಿಯೆಲ್ ಕೂಡ ಅದರೊಂದಿಗೆ ಬಂದಿತು. 1992ರಲ್ಲಿ ಗಿರಣಿಯು ಐತಿಹಾಸಿಕ ಸ್ಮಾರಕವೆಂದು ಘೋಷಿತವಾಯಿತು. ಮರುವರ್ಷವೇ ಉತ್ಪಾದನೆ ನಿಂತಿತು. ಈ ಎರಡು ವರ್ಷಗಳ ಸಾಮೀಪ್ಯವನ್ನು ಓದುಗರು ಗಮನಿಸಬೇಕು. ಶಾಸನವು ರಕ್ಷಿಸಬಲ್ಲದು ಕಬ್ಬಿಣವನ್ನೂ ಇಟ್ಟಿಗೆಯನ್ನೂ, ಅರೆಯುವ ಕೆಲಸವನ್ನಲ್ಲ. ಕಟ್ಟಡವನ್ನು ಉಳಿಸಬೇಕಾದರೆ ಅದಕ್ಕೆ ಬೇರೊಂದು ಉಪಯೋಗವನ್ನು ಹುಡುಕಬೇಕಾಯಿತು.

ನೆಸ್ಲೆ ತನ್ನ ಫ್ರಾನ್ಸ್ ಶಾಖೆಯ ಪ್ರಧಾನ ಕಾರ್ಯಾಲಯವನ್ನೇ ಅಲ್ಲಿಗೆ ತಂದಿತು. ವಾಸ್ತುಶಿಲ್ಪಿಗಳಾದ ರೈಶೆನ್ ಮತ್ತು ರೊಬೇರ್ ಹಳೆಯ ಕಟ್ಟಡಗಳನ್ನು ದುರಸ್ತಿಗೊಳಿಸಿ, ಕೆಲವು ಹೊಸವನ್ನೂ ಸೇರಿಸಿದರು. 1996ರ ವೇಳೆಗೆ ಕಾರ್ಯಾಲಯವು ನಡೆಯತೊಡಗಿತು. ಸ್ಮಾರಕದ ದೃಷ್ಟಿಯಿಂದ ಇದು ಯಶಸ್ಸೇ ಸರಿ. ಆದರೆ ಯಂತ್ರದ ಮುಂದೆ ನಿಲ್ಲುತ್ತಿದ್ದವರ ಸ್ಥಾನದಲ್ಲಿ ಮೇಜಿನ ಮುಂದೆ ಕೂರುವವರು ಬಂದರು. ಮೊದಲಿನವರ ಕೈಕಸುಬಿಗೆ ಅಲ್ಲಿ ಜಾಗವಿರಲಿಲ್ಲ. ‘ಪರಿವರ್ತನೆ’ ಎಂಬ ಪದವನ್ನು ಬಳಸುವಾಗ ನಮ್ಮ ವಿದ್ಯಾರ್ಥಿಗಳು ಈ ಭೇದವನ್ನು ಮರೆಯುವುದುಂಟು.

ಕಾರ್ಯಾಲಯವೂ ಅಲ್ಲಿ ಸ್ಥಿರವಾಗಿ ನಿಲ್ಲಲಿಲ್ಲ. 2020ರಲ್ಲಿ ನೆಸ್ಲೆ ಪ್ಯಾರಿಸಿನ ಮಗ್ಗುಲಿನ ಇಸಿ-ಲೆ-ಮೂಲಿನೊ ಎಂಬಲ್ಲಿಗೆ ತೆರಳಿತು. ಸುಮಾರು ಕಾಲು ಶತಮಾನದ ಈ ವಾಸ್ತವ್ಯವು, ಚಾಕೊಲೇಟನ್ನು ಅರೆದ ಕಾಲದ ಪಕ್ಕದಲ್ಲಿಟ್ಟು ನೋಡಿದರೆ, ಬಲು ಚಿಕ್ಕದು. ಸೋಲ್ನ್ಯೇಯ ಗಿರಣಿಯು ಮಾರ್ನ್ ನದಿಯ ಮೇಲೆ ಮತ್ತೊಮ್ಮೆ ಬರಿದಾಯಿತು.