ಕೋಲಾರದ ಆಸ್ಪತ್ರೆಯೂ ಎರಡು ಸೆಂಟಿನ ಕಾಣಿಕೆಯೂ

ಧರ್ಮಸಂಸ್ಥೆಗಳ ಇತಿಹಾಸವನ್ನು ಬರೆಯುವವರ ದೃಷ್ಟಿ ಸಾಮಾನ್ಯವಾಗಿ ಗುರುಪೀಠದ ಮೇಲೆ, ಉಪದೇಶಕರ ಮೇಲೆ, ದಾನಶಾಸನಗಳ ಮೇಲೆ ನೆಲೆಗೊಳ್ಳುತ್ತದೆ. ಪ್ರಾರ್ಥನಾಮಂದಿರವನ್ನು ಶುಚಿಯಾಗಿಟ್ಟವರು, ಮಕ್ಕಳಿಗೆ ಅಕ್ಷರ ಕಲಿಸಿದವರು, ರೋಗಿಯ ಬಳಿ ಕುಳಿತವರು, ಕಾಸಿಗೆ ಕಾಸು ಕೂಡಿಸಿ ಸಂಸ್ಥೆಯನ್ನು ನಿಲ್ಲಿಸಿದವರು ಆ ಬರವಣಿಗೆಯಲ್ಲಿ ವಿರಳವಾಗಿ ಕಾಣಿಸಿಕೊಳ್ಳುತ್ತಾರೆ. ಇವರಲ್ಲಿ ಬಹುಪಾಲು ಸ್ತ್ರೀಯರೇ ಆಗಿರುವುದು ಆಕಸ್ಮಿಕವಲ್ಲ. ಈ ಮಾತಿಗೆ ಕನ್ನಡನಾಡಿನ ಪೂರ್ವದ ಗಡಿಯಲ್ಲಿರುವ ಕೋಲಾರ ಪಟ್ಟಣವೇ ಒಂದು ನಿದರ್ಶನವನ್ನು ಒದಗಿಸುತ್ತದೆ.

ನೈರುತ್ಯಕ್ಕೆ ಮಾಲೂರು, ಪೂರ್ವಕ್ಕೆ ಮುಳಬಾಗಿಲು, ಉತ್ತರಕ್ಕೆ ಶ್ರೀನಿವಾಸಪುರ. ಇವುಗಳ ನಡುವೆ ಇರುವ ಕೋಲಾರದಲ್ಲಿ 1910ರಲ್ಲಿ ಸ್ಥಾಪಿತವಾದ ಒಂದು ಮಿಷನ್ ಆಸ್ಪತ್ರೆಯಿದೆ. ಜನರು ಅದನ್ನು ‘ಇ. ಟಿ. ಸಿ. ಎಂ.’ ಎಂದು ಕರೆಯುತ್ತಾರೆ. ‘ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆ’ ಎಂಬುದು ಅದರ ಪೂರ್ಣ ನಾಮ. ಈ ಎಲೆನ್ ಯಾರು? ಆಕೆ ವೈದ್ಯೆಯಲ್ಲ, ರಾಣಿಯಲ್ಲ, ಅಧಿಕಾರಿಯೂ ಅಲ್ಲ. ಅಮೆರಿಕೆಯ ಸಿನ್ಸಿನಾಟಿ ನಗರದಲ್ಲಿ ಒಂದು ಮಹಿಳಾ ಸಂಘದ ಪತ್ರವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಕಾರ್ಯದರ್ಶಿನಿ. ಸಾವಿರಾರು ಹರದಾರಿ ದೂರದ ಒಂದು ಸಂಘದ ಕಾರ್ಯದರ್ಶಿನಿಯ ಹೆಸರು ಕೆರೆಗಳ ಈ ಸೀಮೆಗೆ ಬಂದುದು ಹೇಗೆಂಬುದನ್ನು ಅರಿಯಲು ಮೊದಲು ಒಂದು ಮಹಾಕ್ಷಾಮವನ್ನು ನೆನೆಯಬೇಕಾಗುತ್ತದೆ.

1876ರಿಂದ 1878ರ ವರೆಗೆ ಮೈಸೂರು ಸಂಸ್ಥಾನವನ್ನು ಆವರಿಸಿದ ಕ್ಷಾಮದ ಭೀಕರತೆಯನ್ನು ಜನಗಣತಿಯ ಅಂಕಿಗಳೇ ಸಾರುತ್ತವೆ. 1871ರಲ್ಲಿ 50,55,412 ಇದ್ದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಜೀವನದಿಯಿಲ್ಲದೆ ಮಳೆಯನ್ನೂ ಕೆರೆಗಳನ್ನೂ ನಂಬಿದ್ದ ಕೋಲಾರ ಸೀಮೆ ಅತ್ಯಂತ ಹೆಚ್ಚು ನೊಂದ ಪ್ರದೇಶಗಳಲ್ಲಿ ಒಂದು. ಆ ದಿನಗಳಲ್ಲಿ ಕೋಲಾರದಲ್ಲಿದ್ದ ಕುಮಾರಿ ಆನ್‌ಸ್ಟಿ ಎಂಬ ಆಂಗ್ಲ ಮಹಿಳೆ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಕೂಡಿಸಿ ಅನಾಥಾಲಯವನ್ನು ನಡೆಸಿದಳು. ಕ್ಷಾಮ ಕಳೆದ ಮೇಲೂ ಮಕ್ಕಳು ಉಳಿದರು. ಅವರ ಅನ್ನ, ವಿದ್ಯೆ, ವಿವಾಹ, ಜೀವನೋಪಾಯಗಳ ಭಾರವೂ ಉಳಿಯಿತು. ಒಬ್ಬಳ ಸಾಹಸದಿಂದ ಆರಂಭವಾದ ಈ ಕಾರ್ಯವನ್ನು ಆಕೆ 1890ರಲ್ಲಿ ಅಮೆರಿಕೆಯ ಮೆಥಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿದಳು. ಆ ಸಭೆಯ ಸ್ತ್ರೀಯರ ಸಂಘವು ಕೋಲಾರದ ಬಾಲಿಕೆಯರ ಹಾಗೂ ಮಹಿಳೆಯರ ನಡುವಣ ಸೇವೆಯನ್ನು ತನ್ನದಾಗಿಸಿಕೊಂಡಿತು.

ಈ ‘ಸ್ತ್ರೀಯರ ವಿದೇಶ ಮಿಷನರಿ ಸಂಘ’ದ ಮೂಲವೂ ಭಾರತಕ್ಕೆ ಸಂಬಂಧಿಸಿದುದೇ. 1869ರ ಮಾರ್ಚ್ ತಿಂಗಳಲ್ಲಿ, ಒಂದು ಮಳೆಯ ದಿನ, ಬಾಸ್ಟನ್ ನಗರದ ಟ್ರೆಮಾಂಟ್ ಬೀದಿಯ ದೇವಾಲಯದಲ್ಲಿ ಬೆರಳೆಣಿಕೆಯ ಸ್ತ್ರೀಯರು ನೆರೆದರು. ಭಾರತದಿಂದ ಮರಳಿದ್ದ ಮಿಷನರಿಗಳ ಪತ್ನಿಯರಾದ ಲೋಯಿಸ್ ಪಾರ್ಕರ್ ಮತ್ತು ಕ್ಲೆಮೆಂಟಿನಾ ಬಟ್ಲರ್ ಇವರು ಈ ದೇಶದ ಸ್ತ್ರೀಯರ ಬಳಿಗೆ ಸ್ತ್ರೀಯರೇ ಹೋಗಬೇಕಾದ ಅಗತ್ಯವನ್ನು ವಿವರಿಸಿದರು. ಅದೇ ವರ್ಷ ಇಸಬೆಲ್ಲಾ ಥೋಬರ್ನ್ ಎಂಬ ಉಪಾಧ್ಯಾಯಿನಿಯನ್ನೂ ಕ್ಲಾರಾ ಸ್ವೇನ್ ಎಂಬ ವೈದ್ಯೆಯನ್ನೂ ಸಂಘವು ಹಡಗು ಹತ್ತಿಸಿತು. ಮುಂದೆ ಒಬ್ಬಳು ಲಖನೌದಲ್ಲಿ ಶಾಲೆಯನ್ನೂ ಇನ್ನೊಬ್ಬಳು ಬರೇಲಿಯಲ್ಲಿ ಆಸ್ಪತ್ರೆಯನ್ನೂ ತೆರೆದರು.

ಸಂಘದ ಆರ್ಥಿಕ ವ್ಯವಸ್ಥೆಯೇ ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು. ಸಭೆಯ ಪುರುಷಪ್ರಧಾನವಾದ ಮಿಷನರಿ ಮಂಡಳಿಗೆ ತನ್ನ ವರಮಾನ ಕಡಿಮೆಯಾದೀತೆಂಬ ಆತಂಕವಿತ್ತು. ಆದುದರಿಂದ ಆರಾಧನೆಯ ವೇಳೆಯಲ್ಲಾಗಲಿ, ಸ್ತ್ರೀಪುರುಷರು ಕೂಡಿದ ಸಾರ್ವಜನಿಕ ಸಭೆಗಳಲ್ಲಾಗಲಿ ಸ್ತ್ರೀಯರ ಸಂಘವು ಹಣ ಎತ್ತಕೂಡದೆಂಬ ನಿಯಮ ಬಂದಿತು. ಕಾಣಿಕೆಯ ತಟ್ಟೆ ಹೀಗೆ ಕೈತಪ್ಪಿದಾಗ ಅವರು ಮನೆಯ ಬಾಗಿಲಿಗೆ ನಡೆದರು. ವಾರಕ್ಕೆ ಎರಡು ಸೆಂಟು ಮತ್ತು ಒಂದು ಪ್ರಾರ್ಥನೆ; ಇದು ಸಂಘದ ಸೂತ್ರವಾಯಿತು. ವರ್ಷದ ಐವತ್ತೆರಡು ವಾರಗಳಿಗೆ ಅದು ಒಂದು ಡಾಲರಿಗೆ ತುಸು ಹೆಚ್ಚು. ಸದಸ್ಯತ್ವದ ವಾರ್ಷಿಕ ಚಂದಾ ಒಂದು ಡಾಲರು. ಸ್ವಂತ ಆಸ್ತಿಯಿಲ್ಲದ ಗೃಹಿಣಿಯೂ ದಿನದ ವೆಚ್ಚದಲ್ಲಿ ಉಳಿಸಿ ಕೊಡಬಹುದಾದ ಮೊತ್ತವದು. ಅಡ್ಡಿಯಾಗಿ ಬಂದ ನಿಯಮವೇ ಸಂಘಕ್ಕೆ ಬಲವಾಗಿ ಪರಿಣಮಿಸಿತು. ಕೆಲವೇ ಧನಿಕರ ಔದಾರ್ಯವನ್ನು ಕಾಯದೆ, ಊರೂರಿನಲ್ಲಿ ಶಾಖೆ, ಶಾಖೆಗೊಬ್ಬಳು ಕಾರ್ಯದರ್ಶಿನಿ, ಲೆಕ್ಕಕ್ಕೊಬ್ಬಳು ಕೋಶಾಧ್ಯಕ್ಷೆ ಎಂಬ ಶಿಸ್ತು ಬೆಳೆಯಿತು.

ಇಂತಹ ಶಾಖೆಗಳಲ್ಲಿ ಸಿನ್ಸಿನಾಟಿಯದೂ ಒಂದು. ಇಸಬೆಲ್ಲಾ ಥೋಬರ್ನಳ ಸಹೋದರಿಯಾದ ಎಲೆನ್ ಕೋವೆನ್ ಈ ಶಾಖೆಯ ಕಾರ್ಯದರ್ಶಿನಿಯಾಗಿದ್ದಳು. ಇವರ ಸಹೋದರ ಜೇಮ್ಸ್ ಥೋಬರ್ನ್ 1859ರಲ್ಲಿಯೇ ಭಾರತಕ್ಕೆ ಬಂದು, 1888ರಲ್ಲಿ ಇಲ್ಲಿಯ ಮಿಷನರಿ ಬಿಷಪ್ ಪದವಿಗೆ ಆಯ್ಕೆಯಾದನು. ಒಂದೇ ಮನೆಯ ಈ ಮೂವರಲ್ಲಿ ಬಿಷಪ್ಪನೂ ಶಿಕ್ಷಕಿಯೂ ಚರಿತ್ರೆಯ ಪುಟಗಳಲ್ಲಿ ವಿಸ್ತಾರವಾಗಿ ಉಲ್ಲೇಖಿತರು. ಪತ್ರ ಬರೆದು, ಚಂದಾ ಕೂಡಿಸಿ, ಲೆಕ್ಕವೊಪ್ಪಿಸಿದ ಮೂರನೆಯವಳ ಹೆಸರನ್ನು ಉಳಿಸಿಕೊಂಡುದು ಕೋಲಾರದ ಆಸ್ಪತ್ರೆ.

ಕೋಲಾರದಲ್ಲಿ ಈ ಸಂಘದ ಕಾರ್ಯವು ಮೂರು ಕವಲುಗಳಲ್ಲಿ ಹರಿಯಿತು. ಮೊದಲನೆಯದು ಬಾಲಿಕೆಯರ ವಸತಿ ಮತ್ತು ಶಿಕ್ಷಣ. ಎರಡನೆಯದು ‘ಬೈಬಲ್ ಸ್ತ್ರೀ’ಯರೆಂದು ಕರೆಯಲ್ಪಟ್ಟ ದೇಶೀಯ ಮಹಿಳೆಯರ ಸೇವೆ, ಇವರು ಮನೆಮನೆಗೆ ಹೋಗಿ ಓದುಬರಹವನ್ನೂ ತಮ್ಮ ಮತದ ಬೋಧೆಯನ್ನೂ ಒಟ್ಟಿಗೆ ನಡೆಸುತ್ತಿದ್ದರು. ಮೂರನೆಯದು ವೈದ್ಯಸೇವೆ. ಪ್ರಸವದ ಸಂಕಟದಲ್ಲಿಯೂ ಪುರುಷ ವೈದ್ಯನ ಮುಂದೆ ಬರಲು ಸಂಕೋಚಪಡುತ್ತಿದ್ದ ಗ್ರಾಮೀಣ ಸ್ತ್ರೀಗೆ ಸ್ತ್ರೀ ವೈದ್ಯೆಯ ಸಾನ್ನಿಧ್ಯವೆಂದರೆ ಪ್ರಾಣದ ಪ್ರಶ್ನೆಯಾಗಿತ್ತು. ಕಾಲಕ್ರಮದಲ್ಲಿ ಆಸ್ಪತ್ರೆಯೊಡನೆ ದಾದಿಯರ ಶಿಕ್ಷಣವೂ ಸೇರಿತು.

ಈ ಸಂಘದ ಉದ್ದೇಶದಲ್ಲಿ ಮತಪ್ರಸಾರವೂ ಸೇರಿತ್ತೆಂಬುದನ್ನು ಇತಿಹಾಸಕಾರನು ಮರೆಮಾಚಬೇಕಾಗಿಲ್ಲ. ಸಂಘದ ಪತ್ರಿಕೆ 1869ರಲ್ಲಿ ಹೊರಟಾಗ ಅನ್ಯಮತೀಯ ಸ್ತ್ರೀಯರನ್ನು ಹೀನಾರ್ಥದ ಪದದಿಂದ ಸೂಚಿಸಿ, ಅಂಥವರ ‘ಮಿತ್ರ’ನೆಂಬ ಶೀರ್ಷಿಕೆಯನ್ನು ಧರಿಸಿತ್ತು, 1896ರಲ್ಲಿ ಆ ಪದವನ್ನು ಕೈಬಿಡಲಾಯಿತು. ಸೇವೆ ಪಡೆಯುವವರನ್ನು ಕೆಳಗಿನವರೆಂದು ಎಣಿಸುವ ದೋಷ ಈ ಕರುಣೆಯೊಡನೆ ಬೆರೆತಿತ್ತು. ದೋಷವನ್ನು ದೋಷವೆಂದೂ ಸೇವೆಯನ್ನು ಸೇವೆಯೆಂದೂ ಬೇರ್ಪಡಿಸಿ ನೋಡುವುದೇ ನ್ಯಾಯ.

ಎಲೆನ್ ಕೋವೆನ್ನಳ ಸಿನ್ಸಿನಾಟಿ ನಗರವೇ ಇನ್ನೊಂದು ಧರ್ಮದ ಸ್ತ್ರೀಯರ ಸಂಘಟನೆಗೂ ಜನ್ಮಸ್ಥಾನವಾಯಿತು. 1913ರ ಜನವರಿಯಲ್ಲಿ ಅಮೆರಿಕೆಯ ಸುಧಾರಣಾವಾದಿ ಯೆಹೂದ್ಯರ ಪ್ರಾರ್ಥನಾಮಂದಿರಗಳಿಗೆ, ಎಂದರೆ ಸಿನಗಾಗ್‌ಗಳಿಗೆ, ಸೇರಿದ ಸ್ತ್ರೀಯರ ಸಂಘಗಳು ಅಲ್ಲಿ ಕೂಡಿ ಒಂದು ರಾಷ್ಟ್ರೀಯ ಒಕ್ಕೂಟವನ್ನು ರಚಿಸಿದುವು. ಕ್ಯಾರಿ ಸೈಮನ್ ಅದರ ಮೊದಲ ಅಧ್ಯಕ್ಷೆ. ಮಕ್ಕಳ ಧರ್ಮಶಾಲೆಗೆ ನೆರವಾಗುವುದು, ಹಬ್ಬಗಳಿಗೆ ಮಂದಿರವನ್ನು ಸಜ್ಜುಗೊಳಿಸುವುದು, ಧರ್ಮಗುರುಗಳಾಗಲು ಓದುವ ವಿದ್ಯಾರ್ಥಿಗಳಿಗೆ ವೇತನ ಕೂಡಿಸುವುದು ಈ ಸಂಘಗಳ ನಿತ್ಯದ ಕಾರ್ಯ. ವರ್ಷಕ್ಕೊಂದು ಸಬ್ಬತ್ ದಿನ ಸಂಘದ ಸ್ತ್ರೀಯರೇ ಆರಾಧನೆಯನ್ನು ನಡೆಸುವ ಪದ್ಧತಿಯೂ ಮುಂದೆ ಬೆಳೆಯಿತು. ಅದೇ 1913ರಲ್ಲಿ ನಮ್ಮ ದೇಶದ ಮುಂಬಯಿಯಲ್ಲಿ ಬೆನೆ ಇಸ್ರೇಲ್ ಸಮುದಾಯದ ಯೆಹೂದ್ಯ ಸ್ತ್ರೀಯರೂ ತಮ್ಮದೇ ಆದ ‘ಸ್ತ್ರೀ ಮಂಡಲ’ವನ್ನು ಸ್ಥಾಪಿಸಿಕೊಂಡುದು ಸ್ಮರಣೀಯ.

ಮತ ಬೇರೆ, ಆಚರಣೆ ಬೇರೆಯಾದರೂ ಈ ಸಂಘಗಳ ಬಾಳಿನಲ್ಲಿ ಒಂದು ಸಾಮ್ಯವಿದೆ. ಎರಡೂ ಕಡೆ ಸ್ತ್ರೀಯರು ಹಣವನ್ನು ಕೂಡಿಸಿದರು, ಶ್ರಮವನ್ನು ಒಪ್ಪಿಸಿದರು. ಆದರೆ ಉಪದೇಶಪೀಠ ಬಹುಕಾಲ ಅವರಿಗೆ ದೂರವೇ ಉಳಿಯಿತು. 1888ರ ಮೆಥಡಿಸ್ಟ್ ಮಹಾಸಭೆ ಇದಕ್ಕೆ ಕನ್ನಡಿ ಹಿಡಿಯುತ್ತದೆ. ಜೇಮ್ಸ್ ಥೋಬರ್ನನನ್ನು ಭಾರತದ ಬಿಷಪ್ಪನನ್ನಾಗಿ ಆರಿಸಿದ ಆ ಸಭೆಯೇ, ತಮ್ಮ ಪ್ರಾಂತಗಳಿಂದ ಪ್ರತಿನಿಧಿಗಳಾಗಿ ಆಯ್ಕೆಯಾಗಿ ಬಂದಿದ್ದ ಐವರು ಸ್ತ್ರೀಯರಿಗೆ ಆಸನವನ್ನು ನಿರಾಕರಿಸಿತು. ಭಾರತದಲ್ಲಿ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ನಡೆಸಬಲ್ಲವರಿಗೆ ತಮ್ಮದೇ ಸಭೆಯಲ್ಲಿ ಕುಳಿತುಕೊಳ್ಳುವ ಹಕ್ಕಿರಲಿಲ್ಲ. 1904ರಲ್ಲಿ ಪ್ರತಿನಿಧಿಸ್ಥಾನವೂ, 1956ರಲ್ಲಿ ಪುರುಷರಿಗೆ ಸಮನಾದ ಪೂರ್ಣ ಉಪದೇಶಕಾಧಿಕಾರವೂ ಅವರಿಗೆ ದೊರೆತುವು. ಯೆಹೂದ್ಯರಲ್ಲಿ ಸ್ಯಾಲಿ ಪ್ರೀಸಾಂಡ್ ಎಂಬಾಕೆ 1972ರಲ್ಲಿ, ಅದೇ ಸಿನ್ಸಿನಾಟಿಯಲ್ಲಿ, ಧರ್ಮಗುರುವಿನ ದೀಕ್ಷೆಯನ್ನು ಪಡೆದಳು. ವಿದ್ಯಾರ್ಥಿವೇತನ ಕೂಡಿಸಿದ ತಾಯಂದಿರ ಮೊಮ್ಮಕ್ಕಳ ಕಾಲಕ್ಕೆ ಆ ವಿದ್ಯಾಪೀಠದ ಬಾಗಿಲು ಸ್ತ್ರೀಗೂ ತೆರೆದಂತಾಯಿತು.

ಬಾಸ್ಟನ್ನಿನಲ್ಲಿ ಹುಟ್ಟಿದ ಸಂಘವು 1940ರಲ್ಲಿ ಹೊಸದಾಗಿ ರಚಿತವಾದ ಮಹಿಳಾ ಸೇವಾ ಸಂಘದಲ್ಲಿ ಲೀನವಾಯಿತು. 1981ರಲ್ಲಿ ಭಾರತದ ಮೆಥಡಿಸ್ಟ್ ಸಭೆ ಸ್ವಾಯತ್ತವಾಗಿ, ಇಲ್ಲಿಯ ಸ್ತ್ರೀಯರ ಸೇವಾಸಂಘಗಳು ಆ ಸಭೆಯ ಅಂಗವಾಗಿ ಮುಂದುವರಿದುವು. ಕೊಡುವವರೂ ಪಡೆಯುವವರೂ ಬೇರೆ ಬೇರೆ ಎಂಬ ಹಳೆಯ ಅಂತರ ಹೀಗೆ ಕ್ರಮೇಣ ಕಿರಿದಾಯಿತು.

ಆಸ್ಪತ್ರೆಯ ಹೆಸರು ಇಂದು ನಾಲ್ಕು ಅಕ್ಷರಗಳಾಗಿ ಸಂಕ್ಷೇಪಗೊಂಡು ಜನರ ಬಾಯಲ್ಲಿದೆ. ಆ ಅಕ್ಷರಗಳ ಹಿಂದೆ ಒಬ್ಬ ಕಾರ್ಯದರ್ಶಿನಿಯಿದ್ದಾಳೆ; ಆಕೆಯ ಹಿಂದೆ, ವಾರಕ್ಕೆ ಎರಡು ಸೆಂಟಿನಂತೆ ಕೊಟ್ಟು ಹೆಸರನ್ನು ಎಲ್ಲಿಯೂ ಕೆತ್ತಿಸಿಕೊಳ್ಳದ ಸಾವಿರಾರು ಗೃಹಿಣಿಯರಿದ್ದಾರೆ. ಯಾವ ಧರ್ಮದ ಮಂದಿರದ ಚರಿತ್ರೆಯನ್ನು ಬರೆಯಹೊರಟವರಾದರೂ ಶಿಲಾಶಾಸನದೊಡನೆ ಇಂತಹ ಚಂದಾಪುಸ್ತಕಗಳನ್ನೂ ತೆರೆದು ನೋಡುವುದು ಅವಶ್ಯ.